ಹೂಂಗುಡೋರು ಯಾರು?

ಕತೆಗೆ ಕೂರುವ ಮುಂಚೆ ತಂಬೂರಿ ತಾತ ಎರಡು ಕೆಲಸ ಮಾಡುತ್ತಿದ್ದರು. ಬಿರಡೆ ತಿರುವಿ ತಂತಿ ಕೂಡಿಸುವುದು ಒಂದು. ನೆರೆದವರ ಕಡೆ ಕಣ್ಣು ಹಾಯಿಸಿ, ‘ಹೂಂಗುಡೋರು ಯಾರಪ್ಪ?’ ಎಂದು ಕೇಳುವುದು ಇನ್ನೊಂದು. ಯಾರಾದರೊಬ್ಬರು ಒಪ್ಪಿಕೊಂಡು ಎದುರಿಗೆ ಬಂದು ಕೂರುವ ತನಕ ಅವರು ಬಾಯಿ ತೆರೆಯುತ್ತಿರಲಿಲ್ಲ. ಪ್ರತಿ ಸಾಲು ಮುಗಿದಾಗ ‘ಹೂಂ’ ಅನ್ನಬೇಕು, ಅಷ್ಟೇ ಕೆಲಸ. ಆದರೆ ಬೆಳಗಿನ ಜಾವದವರೆಗೆ ಅನ್ನಬೇಕು. ನಿದ್ದೆ ಮಾಡುವವರಿಗೆ, ಪಕ್ಕದವರ ಜತೆ ಮಾತಾಡುವವರಿಗೆ, ಕತೆ ಮೊದಲೇ ಗೊತ್ತಿದೆ ಎಂದು ಆತುರಪಡುವವರಿಗೆ ಆ ಕೆಲಸ ಸಿಗುತ್ತಿರಲಿಲ್ಲ. ಸಾತನೂರು ಹೋಬಳಿಯ ನಮ್ಮ ಸಣ್ಣ ಊರಿನಲ್ಲಿ ನನ್ನ ಹುಡುಗಾಟದ ದಿನಗಳಲ್ಲಿ ಆ ಜಾಗ ನನಗೆ ಸಿಕ್ಕಿತ್ತು. ಅದಕ್ಕೆ ಕಾರಣ ನಮ್ಮ ಮನೆಯ ರೇಷ್ಮೆ ಹುಳು.

ಕನಕಪುರ, ರಾಮನಗರ, ಚನ್ನಪಟ್ಟಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲು ರಾತ್ರಿ ಎಂಬುದಿಲ್ಲ. ಸೊಪ್ಪು ಹಾಕಿದಷ್ಟೂ ತಿನ್ನುತ್ತದೆ. ದೀಪ ಸಣ್ಣದು ಮಾಡಿ ಕೂತರೆ ಮನೆ ತುಂಬ ತಟ್ಟೆಗಳಿಂದ ಒಣ ಎಲೆಯ ಮೇಲೆ ಸೋನೆ ಹಿಡಿದ ಹಾಗೆ ಸದ್ದು ಬರುತ್ತಿರುತ್ತದೆ. ಅಂಥ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಎಚ್ಚರ ಇರಲೇಬೇಕಿತ್ತು. ನಮ್ಮಜ್ಜಿ ಹೇಗೂ ಎಚ್ಚರ ಇರುತ್ತೇವಲ್ಲ ಎಂದು ತಂಬೂರಿ ತಾತನಿಗೆ ಹೇಳಿಕಳಿಸುತ್ತಿದ್ದರು. ತಾತನ ಬಾಯಲ್ಲಿ ಯಾವಾಗಲೂ ಹೊಗೆಸೊಪ್ಪು. ಹೊಗೆಸೊಪ್ಪಿನ ಗಾಳಿ ತಾಕಿದರೂ ಹುಳು ಸಾಯುತ್ತದೆಂದು ಅಜ್ಜಿ ಅವರನ್ನು ಹುಳದ ಮನೆಯಿಂದ ದೂರ, ಅಂಗಳದ ಆ ಕೊನೆಗೆ ಚಾಪೆ ಹಾಕಿ ಕೂರಿಸುತ್ತಿದ್ದರು. ದೊಡ್ಡವರು ಸೊಪ್ಪು ಹಾಕಲು ಎದ್ದು ಹೋಗಿ ಬಂದು ಮಾಡುತ್ತಿದ್ದರಿಂದ, ಒಂದೇ ಕಡೆ ಕೂತು ‘ಹೂಂ’ ಅನ್ನಲು ಉಳಿದವನು ನಾನೊಬ್ಬನೇ.

ತಂಬೂರಿ ತಾತ ನೀಲಗಾರರು, ಅಂದರೆ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆ ಹಾಡುವ ಒಕ್ಕಲಿನವರು. ಹುಟ್ಟಿದ ಮಕ್ಕಳು ಉಳಿಯದೆ ಅವರ ತಾಯಿ ಚಿಕ್ಕಲ್ಲೂರಿನ ಸಿದ್ದಪ್ಪಾಜಿಗೆ ಹರಕೆ ಹೊತ್ತರಂತೆ. ಉಳಿದ ಮಗನನ್ನು ದೇವರ ಗುಡ್ಡನಾಗಿ ಬಿಡುವುದು ಆ ಒಕ್ಕಲಿನ ಪದ್ಧತಿ. ಚಿಕ್ಕಂದಿನಲ್ಲೇ ದೀಕ್ಷೆ ಕೊಡಿಸಿ, ಹಣೆಗೆ ಕಪ್ಪುಧೂಳತ ಇಟ್ಟು, ಕೈಗೆ ಬೆತ್ತ ಕೊಟ್ಟರು. ಸ್ಕೂಲಿನ ಮುಖ ಕಾಣಲಿಲ್ಲ. ದೊಡ್ಡಪ್ಪನ ಹಿಂದೆ ದಮ್ಮಡಿ ಹಿಡಿದು ಊರೂರು ತಿರುಗಿದ್ದೇ ಕಲಿಕೆ. ‘ಮೊದ್ಲು ಹೂಂಗುಡೋದು ಕಲ್ತೆ, ಆಮೇಲೆ ದಮ್ಮಡಿ, ಆಮೇಲೆ ಕೊನೇ ಮಾತು ಹಿಡಿಯೋದು, ಎಲ್ಲಾ ಆದ್ಮೇಲೆ ತಂಬೂರಿ ಮುಟ್ಟಕೆ ಬುಟ್ರು’ ಎನ್ನುತ್ತಿದ್ದರು. ಹಗಲೆಲ್ಲ ಅವರಿವರ ತೋಟದಲ್ಲಿ ಇಪ್ಪನೇರಳೆ ಸೊಪ್ಪು ಕೊಯ್ಯುವ ಕೂಲಿ. ಕತೆ ಮಾಡಿದ ಮನೆಯಲ್ಲಿ ಮೊರದ ತುಂಬ ರಾಗಿ, ಒಂದು ತೆಂಗಿನಕಾಯಿ, ಎಲೆ ಅಡಿಕೆ, ತಟ್ಟೆಗೆ ಬಿದ್ದ ಚಿಲ್ಲರೆ. ಯಾರಾದರೂ ದೊಡ್ಡ ಹರಕೆ ತೀರಿಸಿದರೆ ಒಂದು ಪಂಚೆ. ಇಷ್ಟರಲ್ಲೇ ಸಂಸಾರ ನಡೆಯಬೇಕಿತ್ತು.

ಅವರು ಹಾಡುತ್ತಿದ್ದದ್ದು ಮುಖ್ಯವಾಗಿ ಮಂಟೇಸ್ವಾಮಿ ಕಾವ್ಯ. ಅದನ್ನು ‘ಸಾಲು’ ಎನ್ನುವ ಭಾಗಗಳಾಗಿ ಹಂಚಿಕೊಂಡು ಹಾಡುತ್ತಾರೆ. ಕಲ್ಯಾಣದ ಸಾಲು ಒಂದು ರಾತ್ರಿಗೆ, ಕೆಂಪಾಚಾರಿ ಸಾಲು ಒಂದು ರಾತ್ರಿಗೆ, ಹಲಗೂರಿನ ಪಾಂಚಾಳರ ಸಾಲು ಮತ್ತೊಂದು ರಾತ್ರಿಗೆ. ನನ್ನಂಥ ಹುಡುಗನನ್ನು ಈ ಕತೆ ಹಿಡಿದು ಕೂರಿಸಿದ್ದು ಅದು ನಡೆಯುವ ಜಾಗಗಳಿಂದ. ರಾಮಾಯಣದ ಅಯೋಧ್ಯೆ ಎಲ್ಲಿದೆಯೋ ನಮಗೆ ಗೊತ್ತಿರಲಿಲ್ಲ. ಆದರೆ ಮಂಟೇಸ್ವಾಮಿ ತನ್ನ ಶಿಶುಮಗನನ್ನು ಹುಡುಕಿಕೊಂಡು ಬರುವ ನಿಡಘಟ್ಟ ಚನ್ನಪಟ್ಟಣ ದಾಟಿದರೆ ಮದ್ದೂರಿನ ದಾರಿಯಲ್ಲೇ ಸಿಗುತ್ತದೆ, ಬಸ್ಸು ಅಲ್ಲಿ ನಿಲ್ಲುತ್ತದೆ. ಆ ಊರಿನ ಆಚಾರರ ಮಗ ಕೆಂಪಾಚಾರಿಯೇ ಮುಂದೆ ಸಿದ್ದಪ್ಪಾಜಿಯಾಗುವುದು. ಅವನು ಕಬ್ಬಿಣದ ಭಿಕ್ಷೆಗೆ ಹೋಗುವ ಹಲಗೂರು ನಮಗೆ ಸಂತೆಯ ಊರು. ಧರೆಗೆ ದೊಡ್ಡವರು ಎಂದು ಕರೆಯುವ ಮಂಟೇಸ್ವಾಮಿ ಐಕ್ಯರಾದ ಬೊಪ್ಪೇಗೌಡನಪುರ ಮಳವಳ್ಳಿಯ ಆಚೆ. ತಾತ ಹಲಗೂರಿನ ಹೆಸರು ಬಂದಾಗಲೆಲ್ಲ ಗಗ್ಗರ ಹಿಡಿದ ಎಡಗೈಯನ್ನು ಹೊತ್ತು ಮುಳುಗುವ ಕಡೆಗೆ ಚಾಚುತ್ತಿದ್ದರು. ನಾವೆಲ್ಲ ಕತ್ತಲಲ್ಲಿ ಆ ಕಡೆ ತಿರುಗಿ ನೋಡುತ್ತಿದ್ದೆವು. ಕತೆಯ ದಾರಿಯಲ್ಲಿ ಇಲ್ಲದ ನಮ್ಮೂರ ಕೆರೆ, ಕಬ್ಬಾಳಮ್ಮನ ಬೆಟ್ಟ, ಸಾತನೂರ ಸಂತೆಮಾಳ ಇವೆಲ್ಲ ಅವರ ಬಾಯಲ್ಲಿ ಹೇಗೋ ಬಂದು ಸೇರಿಕೊಳ್ಳುತ್ತಿದ್ದವು. ಚನ್ನಪಟ್ಟಣದ ಕಡೆ ಹಾಡುವಾಗ ಕಣ್ವ ಹೊಳೆ ಬರುತ್ತಿತ್ತು. ಮಾಗಡಿ ಕಡೆಯ ನಮ್ಮ ದೊಡ್ಡಮ್ಮನ ಮನೆಗೆ ಕರೆಸಿದಾಗ ಸಾವನದುರ್ಗವೇ ಬಂದುಬಿಟ್ಟಿತು.

ಅವರ ಹಾಡಿನ ಧಾಟಿಯನ್ನು ಬರೆದು ತಿಳಿಸುವುದು ಕಷ್ಟ. ಆದರೂ ಪ್ರಯತ್ನಿಸುತ್ತೇನೆ, ಏಕೆಂದರೆ ನೀಲಗಾರರ ಬಗ್ಗೆ ಬರೆಯುವವರು ಹೆಚ್ಚಾಗಿ ಕತೆಯ ಅರ್ಥ ಹೇಳಿ ಮುಗಿಸುತ್ತಾರೆ, ಅದನ್ನು ಹೇಗೆ ಹಾಡುತ್ತಿದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ.

ತಾತನ ದನಿ ಐದಾರು ಸ್ವರಗಳ ಆವರಣ ದಾಟಿ ಹೋಗುತ್ತಿದ್ದದ್ದು ಅಪರೂಪ. ಶುರುವಿನಲ್ಲಿ ಗುರುಗಳ ಸ್ತುತಿ, ತೀರಾ ನಿಧಾನ, ಕೆಳಗಿನ ದನಿ. ತಂಬೂರಿಯ ತಂತಿಗೂ ಗಂಟಲಿಗೂ ನಡುವೆ ಬಿರುಕೇ ಇಲ್ಲದಂತೆ ಎರಡೂ ಒಂದಾದ ಮೇಲಷ್ಟೇ ಕತೆಗೆ ಇಳಿಯುತ್ತಿದ್ದರು. ಕತೆ ಎಂದರೆ ಪೂರ್ತಿ ಹಾಡಲ್ಲ. ಒಂದಷ್ಟು ಪದ, ಒಂದಷ್ಟು ಮಾತು. ಮಾತು ಅಂದರೂ ಬರಿ ಮಾತಲ್ಲ, ತಂತಿ ಮಿಡಿಯುತ್ತಲೇ ಇರುತ್ತದೆ, ಮಾತಿಗೆ ಒಂದು ನಡೆ ಇರುತ್ತದೆ. ಆ ನಡೆ ಬಿಗಿಯಾಗುತ್ತ ಬಿಗಿಯಾಗುತ್ತ ಯಾವ ಗಳಿಗೆಯಲ್ಲಿ ಪದವಾಯಿತೆಂದು ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಪದದ ಕೊನೆಯ ಮಾತನ್ನು ಎಳೆದು ಬಿಟ್ಟರೆ ಹಿಮ್ಮೇಳದ ಇಬ್ಬರು ಅದನ್ನು ಹಿಡಿದುಕೊಂಡು ಮೇಲೆತ್ತುತ್ತಿದ್ದರು. ಅವರು ಎತ್ತಿ ಹಿಡಿದಿರುವಷ್ಟು ಹೊತ್ತು ತಾತನಿಗೆ ಉಸಿರು ತಿರುಗಿಸಿಕೊಳ್ಳಲು, ಎಲೆಯಡಿಕೆಯ ರಸ ನುಂಗಲು, ಮುಂದಿನದನ್ನು ಕಟ್ಟಿಕೊಳ್ಳಲು ಸಮಯ.

ಕಟ್ಟಿಕೊಳ್ಳುವುದು ಎಂದು ಬೇಕೆಂದೇ ಬರೆದೆ. ಅವರು ಬಾಯಿಪಾಠ ಒಪ್ಪಿಸುತ್ತಿರಲಿಲ್ಲ. ಗುರು ನಡೆದುಬರುವ ವರ್ಣನೆ, ಜೋಳಿಗೆ ಹೆಗಲಿಗೇರಿಸುವ ವರ್ಣನೆ, ತಾಯಿ ಅಳುವ ವರ್ಣನೆ ಇಂಥವು ಅವರ ಬಳಿ ಸಿದ್ಧವಾಗಿ ಇರುತ್ತಿದ್ದವು. ಎಲ್ಲಿ ಬೇಕೋ ಅಲ್ಲಿ ಇಟ್ಟು, ಬೇಕಾದಷ್ಟು ಬೆಳೆಸಿ, ಬೇಡವಾದರೆ ಮೊಟಕು ಮಾಡುತ್ತಿದ್ದರು. ಬಹಳ ವರ್ಷಗಳ ಮೇಲೆ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ಹಾಡುಗಾರರ ಬಗ್ಗೆ ಮಾಡಿದ ಕೆಲಸವನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. 1935ರಲ್ಲಿ ಅವ್ದೊ ಮೆಜೆದೊವಿಚ್ ಎಂಬ ಓದುಬರಹ ಬಾರದ ರೈತ ಅವರಿಗೆ ಸುಮಾರು 12,000 ಸಾಲಿನ ಒಂದೇ ಕಾವ್ಯವನ್ನು ಹೇಳಿ ಬರೆಸಿದ. ಅದನ್ನೆಲ್ಲ ಅವನು ಮೊದಲೇ ಉರುಹಾಕಿ ಇಟ್ಟಿರಲಿಲ್ಲ, ಹೇಳುತ್ತ ಹೇಳುತ್ತಲೇ ಕಟ್ಟುತ್ತಿದ್ದ, ಕೇಳುವವರು ಇರುವಷ್ಟು ಹೊತ್ತು ಕಾವ್ಯ ಬೆಳೆಯುತ್ತಿತ್ತು ಎಂಬುದು ಅವರಿಬ್ಬರ ಶೋಧ. 1960ರಲ್ಲಿ ಲಾರ್ಡ್ ಅದನ್ನು ಪುಸ್ತಕವಾಗಿ ಬರೆದರು. ಪ್ರಪಂಚದ ಆ ತುದಿಯಲ್ಲಿ ಪಂಡಿತರು ಕಂಡುಕೊಂಡದ್ದನ್ನು ನಾನು ನಮ್ಮಂಗಳದಲ್ಲಿ ಚಾಪೆಯ ಮೇಲೆ ಕೂತು ಕಣ್ಣಾರೆ ನೋಡಿದ್ದೆ. ನನ್ನ ‘ಹೂಂ’ ಗಟ್ಟಿಯಾಗಿದ್ದರೆ ಕೆಂಪಾಚಾರಿಯ ತಾಯಿ ಇನ್ನಷ್ಟು ಹೊತ್ತು ಅಳುತ್ತಿದ್ದಳು. ನನ್ನ ದನಿ ಸಣ್ಣಗಾದರೆ ತಾತ ತಟ್ಟನೆ ತಾಳ ಬದಲಿಸಿ ಏನಾದರೊಂದು ನಗೆಮಾತು ತರುತ್ತಿದ್ದರು, ‘ಎದ್ದೇಳು ಮಗ, ಗುರುವು ಬಾಗಿಲ್ಗೆ ಬಂದವ್ನೆ, ಮನಿಕ್ಕೊಂಡಿದ್ದೀಯಲ್ಲ’ ಎಂದು ಅದೇ ರಾಗದಲ್ಲಿ ನನ್ನನ್ನೂ ಕತೆಯೊಳಕ್ಕೆ ಎಳೆದುಕೊಳ್ಳುತ್ತಿದ್ದರು.

ಹೂಂಗುಟ್ಟುವುದರಲ್ಲೂ ಬಗೆಗಳಿದ್ದವು. ಮುಂದೇನಾಯಿತು ಎನ್ನುವ ಹೂಂ ಬೇರೆ, ಅಯ್ಯೋ ಎನ್ನುವ ಹೂಂ ಬೇರೆ, ನಂಬಲಾರೆ ಎನ್ನುವ ಹೂಂ ಬೇರೆ. ತಾತ ಅವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಕಣ್ಣು ಅರ್ಧ ಮುಚ್ಚಿದ್ದರೂ ಕಿವಿ ಎದುರಿಗಿದ್ದವರ ಕಡೆಗೇ ಇರುತ್ತಿತ್ತು. ಹಾಡುಗಾರ ಮತ್ತು ಕೇಳುಗ ಎಂದು ಎರಡು ಪಂಗಡ ಮಾಡಿ ನೋಡುವ ಅಭ್ಯಾಸ ನನಗೆ ಇವತ್ತಿಗೂ ಬಂದಿಲ್ಲ. ಆ ಕತೆಯ ಅರ್ಧ ಪಾಲು ಕೇಳುವವರದು ಎಂದೇ ನಾನು ನಂಬಿದ್ದೇನೆ.

ಹಲಗೂರಿನ ಸಾಲು ಹಾಡಿದ ಒಂದು ರಾತ್ರಿಯನ್ನು ಹೇಳದೆ ಮುಂದೆ ಹೋಗಲಾರೆ. ಗುರುವಿನ ಅಪ್ಪಣೆಯಂತೆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣ ಬೇಡಲು ಹೋಗುತ್ತಾನೆ. ಅವರು ಕೊಡುವುದಿಲ್ಲ, ಬಗೆಬಗೆಯ ಹಿಂಸೆ ಕೊಡುತ್ತಾರೆ. ಹುಟ್ಟಿನಿಂದ ಅವನೂ ಕುಲುಮೆಯ ಮನೆಯವನೇ. ತನ್ನ ಕುಲದವರಿಂದಲೇ ನೋವುಂಡು ಗೆಲ್ಲುವ ಕತೆ ಅದು. ನಮ್ಮೂರಿನಲ್ಲಿ ಕುಡ ತಟ್ಟುವ, ಗಾಡಿ ಪಟ್ಟಿ ಕೂರಿಸುವ ಒಬ್ಬ ಆಚಾರರಿದ್ದರು. ಪ್ರತಿ ಕತೆಗೂ ಬರುತ್ತಿದ್ದರು, ಆದರೆ ಈ ಸಾಲು ಎಂದರೆ ಗೋಡೆಗೊರಗಿ ದೂರವೇ ಕೂರುತ್ತಿದ್ದರು. ಅವತ್ತು ತಾತ ಕತೆ ಹಲಗೂರಿನ ಹೆಬ್ಬಾಗಿಲಿಗೆ ಬಂದ ಕೂಡಲೇ ತಂತಿಯ ಮೇಲೆ ಬೆರಳು ನಿಲ್ಲಿಸಿದರು. ‘ಆಚಾರಪ್ಪೋರೆ, ಬೇಜಾರ್ ಮಾಡ್ಕಬ್ಯಾಡಿ. ಹೊಡ್ದೋರು ನಿಮ್ಮೋರೇ, ಹೊಡಿಸ್ಕಂಡೋನೂ ನಿಮ್ಮೋನೇ. ನಡ್ಮಧ್ಯೆ ನಾನೇನ್ ಹೇಳ್ಲಿ?’ ಎಂದರು. ಆಚಾರರು ಒಂದು ಗಳಿಗೆ ಸುಮ್ಮನಿದ್ದು, ಗೋಡೆ ಬಿಟ್ಟು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು ‘ಹೂಂ’ ಅಂದರು. ಆ ರಾತ್ರಿ ಹೂಂಗುಟ್ಟಿದ್ದು ಅವರೇ, ನಾನಲ್ಲ. ಕುಲುಮೆಯ ವರ್ಣನೆ ಬಂದಾಗ ತಾತ ತಿದಿ ಒತ್ತುವ ಲಯಕ್ಕೆ ಗಗ್ಗರ ತಿರುಗಿಸಿದರು. ಆಚಾರರ ತಲೆ ಆ ಲಯಕ್ಕೆ ಆಡುತ್ತಿತ್ತು. ಕಾದ ಕಬ್ಬಿಣದ ಬಣ್ಣ ಹೇಳುವಾಗ ತಾತ ಕೆಂಪು ಎಂದದ್ದಕ್ಕೆ ಆಚಾರರು ‘ಕೆಂಪಲ್ಲ ಕಣ, ಅಷ್ಟ್ ಕಾದ್ಮೇಲೆ ಬೆಳ್ಳಗಾಯ್ತದೆ’ ಎಂದು ತಿದ್ದಿದರು. ತಾತ ಮರುಸಾಲಿನಲ್ಲೇ ಅದನ್ನು ಬೆಳ್ಳಗೆ ಮಾಡಿ ಹಾಡಿದರು. ಮುಂದೆ ಎಲ್ಲಿ ಹಾಡಿದರೂ ಆ ಕಬ್ಬಿಣ ಬೆಳ್ಳಗೇ ಇರುತ್ತಿತ್ತು.

ಇದರ ಜತೆಗೇ ಇನ್ನೊಂದು ಮಾತು ಹೇಳಬೇಕು. ಅಂಗಳದ ಕೊನೆಗೆ ಅವರನ್ನು ಕೂರಿಸುತ್ತಿದ್ದದ್ದು ಹೊಗೆಸೊಪ್ಪಿನ ಕಾರಣಕ್ಕೆ ಮಾತ್ರವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಹುಳು ಇಲ್ಲದ ತಿಂಗಳಲ್ಲೂ ಅವರು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಊರ ಕೇರಿಗಳಲ್ಲಿ ದೇವರ ಕಂಡಾಯ ಹೊತ್ತು ಬಂದಾಗ ಅವರ ಕಾಲಿಗೆ ಬಿಂದಿಗೆ ನೀರು ಸುರಿದು ಅಡ್ಡಬೀಳುತ್ತಿದ್ದವರೇ ಬೆಳಿಗ್ಗೆ ಅವರಿಗೆ ಲೋಟ ಬೇರೆ ಇಡುತ್ತಿದ್ದರು. ಅವರು ಹಾಡುತ್ತಿದ್ದ ಕತೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುವುದು ಹೇಗೆ? ಮೈತುಂಬ ಕುಷ್ಠ, ಮುತ್ತಿದ ನೊಣ, ಹೆಗಲ ಮೇಲೆ ಸತ್ತ ಕರು. ಹೋಗಿ ಕೂರುವುದು ತಿಪ್ಪೆಯ ಮೇಲೆ. ಜಂಗಮರಿಗೆ ದಿನವೂ ದಾಸೋಹ ನಡೆಯುವ ಊರಿನಲ್ಲಿ ಅವನನ್ನು ಗುರುತಿಸುವವರು ಯಾರು, ಹೀಗಳೆಯುವವರು ಯಾರು ಎಂಬುದೇ ಕಲ್ಯಾಣದ ಸಾಲಿನ ಪರೀಕ್ಷೆ. ಆ ಭಾಗವನ್ನು ತಾತ ಉಳಿದೆಲ್ಲಕ್ಕಿಂತ ನಿಧಾನವಾಗಿ ಹಾಡುತ್ತಿದ್ದರು. ಒಂದೊಂದು ನೊಣವನ್ನೂ ಬಿಡುತ್ತಿರಲಿಲ್ಲ. ದನಿ ಏರಿಸುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ. ಜಗಲಿಯ ಮೇಲಿದ್ದವರು ಆಗ ಮಿಸುಕಾಡುವುದನ್ನು ನಾನು ನೋಡಿದ್ದೇನೆ. ಮಿಸುಕಾಡಿದವರು ಬದಲಾದರು ಎಂದು ಬರೆಯಲು ನನಗೆ ಆಸೆ. ಬದಲಾಗಲು ಬಹಳ ವರ್ಷ ಹಿಡಿಯಿತು, ಇನ್ನೂ ಪೂರ್ತಿ ಆಗಿಲ್ಲ. ಈ ಕಾವ್ಯದ ಸಿಟ್ಟನ್ನು ಬಿಟ್ಟು ಬರಿ ಭಕ್ತಿಯನ್ನು ಮೆಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ತಂಬೂರಿಯ ವಿಚಾರ. ಹಲಸಿನ ಬುರುಡೆಯ ಆ ತಂಬೂರಿ ಅವರ ದೊಡ್ಡಪ್ಪನಿಂದ ಬಂದದ್ದು. ಒಮ್ಮೆ ಅದರ ಒಂದು ಬಿರಡೆ ಮುರಿದುಹೋಯಿತು. ನಾನು ಆಗ ಚನ್ನಪಟ್ಟಣದಲ್ಲಿ ಹೈಸ್ಕೂಲು ಓದುತ್ತಿದ್ದೆ. ತಾತ ತಂಬೂರಿಯನ್ನು ಹಳೆ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. ಇಬ್ಬರೂ ಗೊಂಬೆ ಕಟೆಯುವವರ ಬೀದಿಗೆ ಹೋದೆವು. ಅಲ್ಲಿಯ ಸಾಹೇಬರೊಬ್ಬರು ಮುರಿದ ತುಂಡನ್ನು ತಿರುಗಿಸಿ ನೋಡಿ, ಗೊಂಬೆಗೆ ಬಳಸುವ ಹಾಲೆ ಮರ ಇದಕ್ಕೆ ಆಗದು, ಮೆತ್ತಗೆ, ತಂತಿಯ ಎಳೆತ ತಡೆಯದು ಎಂದರು. ಮೂಲೆಯಲ್ಲಿ ಹುಡುಕಿ ಒಂದು ಬೀಟೆ ಚೂರು ತೆಗೆದು ಕಟೆದುಕೊಟ್ಟರು. ಸುಮ್ಮನಿರಲಾರದೆ, ತಿರುಗುತ್ತಿರುವಾಗಲೇ ಅದಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ತೀಡಿ ಹೊಳಪು ತಂದರು. ದುಡ್ಡು ಕೇಳಿದರೆ, ‘ದುಡ್ಡು ಯಾಕಪ್ಪ, ಒಂದು ಪದ ಹಾಡಿ’ ಎಂದರು. ತಾತ ಅಲ್ಲೇ ಹೊಟ್ಟಿನ ರಾಶಿಯ ಪಕ್ಕ ಕೂತು ಹಾಡಿದರು. ಕೆಲಸದವರೆಲ್ಲ ಯಂತ್ರ ನಿಲ್ಲಿಸಿ ಬಂದರು. ಮೂರು ಕಪ್ಪು ಬಿರಡೆ, ಒಂದು ಗೊಂಬೆಯ ಕೆಂಪು ಬಿರಡೆ. ಆಮೇಲೆ ದೂರದಿಂದಲೇ ಇದು ಯಾರ ತಂಬೂರಿ ಎಂದು ಸುತ್ತಮುತ್ತ ಗುರುತು ಹಿಡಿಯುತ್ತಿದ್ದರು.

ತೊಂಬತ್ತರ ದಶಕದ ಹೊತ್ತಿಗೆ ಎಲ್ಲ ಕಡೆ ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿ ಅವರು ಹಾಡಿದ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದೇಶ್ವರರ ಕತೆಗಳು ಟೀ ಅಂಗಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಕೂಲಿಗೆಂದು ಬೆಂಗಳೂರು ಸೇರಿದವರ ಬಾಡಿಗೆ ಕೋಣೆಯಲ್ಲಿ ಮೊಳಗುತ್ತಿದ್ದವು. ನಮ್ಮ ಜಿಲ್ಲೆಯವರೇ ಆದ ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಅವರಂಥವರು ಹಳ್ಳಿಯ ಪದಗಳನ್ನು ವೇದಿಕೆಗೆ ಏರಿಸಿ, ಸೂಟು ಬೂಟಿನವರೂ ಚಪ್ಪಾಳೆ ತಟ್ಟುವಂತೆ ಮಾಡಿದರು. ಇವರೆಲ್ಲ ಇರದಿದ್ದರೆ ನನ್ನ ಮಕ್ಕಳಿಗೆ ಸಿದ್ದಪ್ಪಾಜಿಯ ಹೆಸರೂ ಗೊತ್ತಿರುತ್ತಿರಲಿಲ್ಲ. ಅವರ ಬಗ್ಗೆ ನನಗೆ ಗೌರವವೇ ಹೊರತು ಬೇರೆ ಮಾತಿಲ್ಲ. ಆದರೆ ತಂಬೂರಿ ತಾತ ಕ್ಯಾಸೆಟ್ಟಿಗೆ ಹಾಡಲು ಹೋದಾಗ ಜತೆಗೆ ಹೋದವನು ನಾನು. ಅಲ್ಲಿ ಆದದ್ದನ್ನು ದಾಖಲಿಸಬೇಕು.

ಬೆಂಗಳೂರಿನ ಒಂದು ಸ್ಟುಡಿಯೊ. ಹಾರ್ಮೋನಿಯಂ, ತಬಲದವರು ಆಗಲೇ ಕೂತಿದ್ದರು. ತಾತನ ಶ್ರುತಿ ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ಇತ್ತು. ಹಾರ್ಮೋನಿಯಂನವರು ಬಿಳಿ ಎರಡಕ್ಕೆ ಏರಿಸಿ ಎಂದರು. ಏರಿಸಿದರು. ಒಂದು ಕ್ಯಾಸೆಟ್ಟಿಗೆ ಅರವತ್ತು ನಿಮಿಷ, ಒಂದು ಬದಿಗೆ ಮೂವತ್ತು, ಅಷ್ಟರೊಳಗೆ ಕೆಂಪಾಚಾರಿ ಸಾಲು ಮುಗಿಯಬೇಕು ಎಂದರು. ಅದಕ್ಕೂ ಆಗಲಿ ಎಂದರು. ಆಮೇಲೆ ಅಭ್ಯಾಸಬಲದಿಂದ ಸುತ್ತ ನೋಡಿ, ‘ಹೂಂಗುಡೋರು ಯಾರು?’ ಎಂದು ಕೇಳಿದರು. ಹಾಡುವಾಗ ಒಂದು ಸೊಲ್ಲೂ ಕೇಳಬಾರದು, ಮೈಕು ಎಲ್ಲವನ್ನೂ ಹಿಡಿಯುತ್ತದೆ ಎಂದು ರೆಕಾರ್ಡಿಂಗಿನವರು ಹೇಳಿ ಬಾಗಿಲು ಹಾಕಿದರು. ತಾತ ಶುರು ಮಾಡಿದರು. ಗುರುಸ್ತುತಿ ಚೆನ್ನಾಗಿಯೇ ಬಂತು. ಕತೆಗೆ ಇಳಿದ ಮೇಲೆ ಒಂದು ಸಾಲು ಹಾಡಿ ನಿಂತರು. ಇನ್ನೊಂದು ಸಾಲು ಹಾಡಿ ಮತ್ತೆ ನಿಂತರು. ಮರೆವು ಬಂತೇನೋ ಎಂದು ಒಳಗಿದ್ದವರು ಒಬ್ಬರನ್ನೊಬ್ಬರು ನೋಡಿದರು. ಅದು ಮರೆವಲ್ಲ. ಉತ್ತರಕ್ಕೆ ಕಾಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಗಾಜಿನ ಈಚೆ ನಿಂತು, ಅವರಿಗೆ ಕಾಣುವಂತೆ, ಸಾಲು ಮುಗಿದಾಗೆಲ್ಲ ದೊಡ್ಡದಾಗಿ ತಲೆಯಾಡಿಸತೊಡಗಿದೆ. ಅವರ ಕಣ್ಣು ನನ್ನ ತಲೆಗೆ ನೆಟ್ಟಿತು. ಆಮೇಲೆ ನಿಲ್ಲಲಿಲ್ಲ.

ಕ್ಯಾಸೆಟ್ಟು ಬಂತು. ಊರವರೆಲ್ಲ ಕೇಳಿದರು. ದನಿ ಅವರದೇ. ಆದರೆ ನಿಡಘಟ್ಟದಲ್ಲಿ ತಂದೆತಾಯಿ ಮಗನನ್ನು ಬಿಟ್ಟುಕೊಡಲಾರೆವೆಂದು ಗೋಳಾಡುವ, ನಮ್ಮಂಗಳದಲ್ಲಿ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಭಾಗ ಎರಡೇ ಚರಣಕ್ಕೆ ಮುಗಿದಿತ್ತು. ಸಾತನೂರಿಲ್ಲ, ಕಬ್ಬಾಳಿಲ್ಲ, ಕಣ್ವ ಹೊಳೆಯಿಲ್ಲ. ಯಾವ ಊರಿನವರು ಕೇಳುತ್ತಾರೋ ಗೊತ್ತಿಲ್ಲದಾಗ ಯಾವ ಹೊಳೆಯ ಹೆಸರು ಹೇಳುವುದು? ತಾತನಿಗೆ ಬೇಸರವೇನೂ ಆಗಲಿಲ್ಲ. ‘ಅದು ಪದ, ಕತೆ ಅಲ್ಲ’ ಎಂದಷ್ಟೇ ಹೇಳಿ ಕ್ಯಾಸೆಟ್ಟನ್ನು ದೇವರ ಗೂಡಿನಲ್ಲಿಟ್ಟರು.

ರಾಮನಗರದ ಜಾನಪದ ಲೋಕದ ಬಗ್ಗೆ ಬರೆಯುವಾಗ ನನ್ನ ಮನಸ್ಸು ತುಂಬುತ್ತದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದಲ್ಲಿ, ಸುಮಾರು 15 ಎಕರೆಯಲ್ಲಿ ಜಾನಪದ ಲೋಕವನ್ನು ಎಬ್ಬಿಸಿದರು. ಬೀಸುಕಲ್ಲು, ಮೊರ, ಕೂರಿಗೆಗಳನ್ನು ಕೂಡಿಟ್ಟದ್ದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಾಡುವವರ ಬಗ್ಗೆ ಅವರಿಗಿದ್ದ ಲಕ್ಷ್ಯ. ಸೋಬಾನೆ ಹಾಡುವ ಒಬ್ಬ ಹೆಣ್ಣುಮಗಳ ಪದಗಳನ್ನು ಸಂಗ್ರಹಿಸಿ, ಪುಸ್ತಕಕ್ಕೆ ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದು ಅವಳ ಹೆಸರನ್ನೇ ಇಟ್ಟರು. ಜನಪದ ಗೀತೆಗೆ ಕರ್ತೃವಿಲ್ಲ ಎಂದು ಎಲ್ಲರೂ ಬರೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಇಂಥ ವೃತ್ತಿಗಾಯಕರನ್ನು ಹುಡುಕಿಕೊಂಡು ಹೋಗಿ ಕೇಳಿದರು. ಹಿ.ಚಿ. ಬೋರಲಿಂಗಯ್ಯನವರು ಮಂಟೇಸ್ವಾಮಿ ಕಾವ್ಯವನ್ನು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ತಂದರು. ಅದರ ದಪ್ಪ ನೋಡಿದರೆ ಅದಕ್ಕೆ ಎಷ್ಟು ರಾತ್ರಿಗಳು ಬೇಕಾಗಿರಬಹುದೆಂದು ತಿಳಿಯುತ್ತದೆ.

ಜಾನಪದ ಲೋಕದ ಬಯಲು ರಂಗದಲ್ಲಿ ತಂಬೂರಿ ತಾತನನ್ನು ಒಮ್ಮೆ ಕೇಳಿದೆ. ನೂರಾರು ಜನ, ಬಣ್ಣದ ಬಲ್ಬು, ಒಂದಾದ ಮೇಲೊಂದು ತಂಡ, ಪೂಜಾ ಕುಣಿತ, ಪಟ ಕುಣಿತ, ವೀರಗಾಸೆ. ಅವರಿಗೆ ಸಿಕ್ಕ ಸಮಯ ಕಡಿಮೆ. ಆದರೂ ಅವತ್ತು ಅವರು ಗೆದ್ದರು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ ಸೋಬಾನೆಯ ಹೆಂಗಸರು, ತಮ್ಮ ಸರದಿಗೆ ಕಾಯುತ್ತಿದ್ದವರು, ಯಾರೂ ಹೇಳದೆಯೇ ಒಟ್ಟಿಗೆ ‘ಹೂಂ’ ಅನ್ನತೊಡಗಿದರು. ಮೈಕಿನಲ್ಲಿ ಅದು ಕೇಳುತ್ತಿರಲಿಲ್ಲ. ತಾತನಿಗೆ ಕೇಳುತ್ತಿತ್ತು. ಅವರ ದನಿ ಹೇಗೆ ಅರಳಿತೆಂದರೆ, ಕಾರ್ಯಕ್ರಮ ನಡೆಸುವವರು ಚೀಟಿ ಕೊಡಲು ಬಂದವರು ಚೀಟಿ ಹಿಡಿದುಕೊಂಡೇ ನಿಂತುಬಿಟ್ಟರು.

ಕೊನೆಕೊನೆಗೆ ಹಲ್ಲು ಬಿದ್ದವು. ಮಾತು ಸ್ಪಷ್ಟವಾಗಿ ಬರುತ್ತಿರಲಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡರು. ತಂತಿಯನ್ನು ಇನ್ನೂ ಕೆಳಗಿಳಿಸಿ, ಪದ ಕಡಿಮೆ ಮಾಡಿ ಮಾತು ಹೆಚ್ಚು ಮಾಡಿದರು. ತಿಥಿ ಮನೆಗಳಲ್ಲಿ ಅವರನ್ನೇ ಕೇಳಿ ಕರೆಸುತ್ತಿದ್ದರು. ಹನ್ನೊಂದನೇ ದಿನದ ರಾತ್ರಿ, ಸತ್ತವರ ಮಕ್ಕಳ ಮುಂದೆ, ಆ ಇಳಿದ ದನಿಯಲ್ಲಿ ಅವರು ಕತೆ ಹೇಳುವುದನ್ನು ಕೇಳಿದವರಿಗೆ ಅದು ವಯಸ್ಸಿನ ಸೋಲು ಅನ್ನಿಸುತ್ತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅವರು ಅತ್ಯುತ್ತಮವಾಗಿ ಹಾಡಿದ್ದೇ ಆ ವರ್ಷಗಳಲ್ಲಿ. ಏರುದನಿ ಇದ್ದಾಗ ಕತೆಯ ಶೌರ್ಯ ಕೇಳುತ್ತಿತ್ತು, ಈಗ ಕತೆಯ ದುಃಖ ಕೇಳುತ್ತಿತ್ತು. ಅವರು ತೀರಿಕೊಂಡಾಗ ಸುತ್ತಲ ಊರುಗಳ ನೀಲಗಾರರೆಲ್ಲ ಬಂದು ರಾತ್ರಿಯೆಲ್ಲ ಹಾಡಿ ಕಳಿಸಿದರು.

ತಂಬೂರಿ ಈಗ ಮೊಮ್ಮಗನ ಕೈಯಲ್ಲಿದೆ. ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ರಜಾ ದಿನಗಳಲ್ಲಿ ತಂಡ ಕಟ್ಟಿಕೊಂಡು ಕಾರ್ಯಕ್ರಮಗಳಿಗೆ ಹೋಗುತ್ತಾನೆ. ಇಪ್ಪತ್ತು ನಿಮಿಷದ ಕತೆಯೂ ಅವನಿಗೆ ಗೊತ್ತು, ಇಡೀ ರಾತ್ರಿಯದೂ ಗೊತ್ತು. ‘ಮಾಮ, ಕತೆ ಬರಲ್ಲ ಅಂತ ಯಾರೂ ಅನ್ನಂಗಿಲ್ಲ, ಕೂತ್ಕಳೋರು ಬರಲ್ಲ’ ಎನ್ನುತ್ತಾನೆ. ಅವನ ಮಾತು ನಿಜ. ಇಡೀ ರಾತ್ರಿಯ ಕತೆ ಕೇಳಬೇಕೆನ್ನುವವರಿಗೆ ಇನ್ನೂ ದಾರಿಯಿದೆ. ಬನದ ಹುಣ್ಣಿಮೆಗೆ, ಅಂದರೆ ಜನವರಿಯ ಹೊತ್ತಿಗೆ, ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಐದು ದಿನ ಜಾತ್ರೆ. ಮೊದಲ ದಿನ ರಾತ್ರಿ ಚಂದ್ರಮಂಡಲ ಎಂಬ ಆಚರಣೆ. ಆಮೇಲೆ ಬಂದವರು ಬಯಲಿನಲ್ಲಿ, ಮರದಡಿಯಲ್ಲಿ ಬಿಡಾರ ಹೂಡುತ್ತಾರೆ. ಕನಕಪುರ, ಚನ್ನಪಟ್ಟಣದ ಕಡೆಯಿಂದ ಹಲಗೂರು, ಮಳವಳ್ಳಿಯ ಮೇಲೆ ಹೋದರೆ ಹತ್ತಿರ. ತಂಬೂರಿ ಹಿಡಿದವರು ಬಿಡಾರಗಳ ನಡುವೆ ಅಲ್ಲಲ್ಲಿ ಕೂತಿರುತ್ತಾರೆ. ಮೈಕು ಇಲ್ಲದವರನ್ನು ಹುಡುಕಿಕೊಳ್ಳಿ, ಎದುರಿಗೇ ಕೂರಿ. ಚಳಿ ಜೋರು, ಕಂಬಳಿ ಒಯ್ಯಿರಿ.